ಎರಡು ಕೂದಲಿನಷ್ಟು ದಪ್ಪ

ನಮ್ಮ ಬೀದಿಯ ಗುಡಿಯಲ್ಲಿ ಕಾರ್ತಿಕ ಮಾಸ ಪೂರ್ತಿ ಗರ್ಭಗುಡಿಯ ನಂದಾದೀಪಕ್ಕೆ ನನ್ನ ಬತ್ತಿ. ಹನ್ನೊಂದು ವರ್ಷದಿಂದ ಹಾಗೇ ನಡೆದುಬಂದಿತ್ತು. ದಿನಕ್ಕೊಂದು, ಮೊಳದುದ್ದದ್ದು. ಎಣ್ಣೆಯಲ್ಲಿ ಸುರುಳಿ ಸುತ್ತಿ ಮಲಗಿಸಿ, ತುದಿಯನ್ನಷ್ಟೇ ಅಂಚಿಗೆ ಎಳೆದು ಹಚ್ಚಿದರೆ ಮಾರನೆಯ ದಿನ ಬೆಳಗಿನ ಪೂಜೆವರೆಗೂ ಉರಿಯಬೇಕು. ಬತ್ತಿ ದಪ್ಪವಾದರೆ ಎಣ್ಣೆ ಕುಡಿಯುತ್ತದೆ, ಹೊಗೆ ಕಕ್ಕುತ್ತದೆ, ದೇವರ ಹಿಂದಿನ ಗೋಡೆ ಕರಿ ಹಿಡಿಯುತ್ತದೆ. ಅದಕ್ಕೇ ಸಣ್ಣಗೆ ಹೊಸೆಯಬೇಕು. ಹೊಸೆಯುವುದನ್ನು ನಾನು ಕಲಿತದ್ದು ತವರಿನಲ್ಲಿ, ಆವನಿಯಲ್ಲಿ, ಅಮ್ಮನ ಪಕ್ಕ ಕೂತು. ಬೆರಳಿಗೆ ಚಿಟಿಕೆ ವಿಭೂತಿ ಸವರಿಕೊಂಡು, ಬೀಜ ಬಿಡಿಸಿದ ಹತ್ತಿಯನ್ನು ಎಳೆಯುತ್ತಲೇ ತಿರುಚಬೇಕು. ಎಳೆಯುವ ಕೈ ಅವಸರ ಮಾಡಿದರೆ ಹರಿಯುತ್ತದೆ, ತಿರುಚುವ ಕೈ ಅವಸರ ಮಾಡಿದರೆ ಗಂಟು ಬೀಳುತ್ತದೆ.

ಒಂದು ಸಲ ಅರ್ಚಕರು ಎಲ್ಲರ ಮುಂದೆ, "ಈ ಅಮ್ಮನ ಬತ್ತಿ ಕರಿ ಕಟ್ಟಲ್ಲ" ಅಂದಿದ್ದರು. ಎಷ್ಟೋ ವರ್ಷದ ಹಿಂದಿನ ಮಾತು. ಪಾತ್ರೆ ತಿಕ್ಕುವಾಗ, ಬಟ್ಟೆ ಹಿಂಡುವಾಗ ಆ ಮಾತನ್ನು ನೆನೆಸಿಕೊಂಡು ಬದುಕಿದವಳು ನಾನು. ನನಗೆ ಬೇರೆ ಯಾವ ವಿದ್ಯೆಯಲ್ಲೂ ಯಾರೂ ಹಾಗೆ ಹೇಳಿಲ್ಲ. ಸಾರು ಚೆನ್ನಾಗಿದ್ದರೆ ನಮ್ಮ ಮನೆಯಲ್ಲಿ ಸುಮ್ಮನೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ, ಅಷ್ಟೇ. ಅದನ್ನೂ ದೇವರ ದಯೆ ಅಂತಲೇ ಎಣಿಸುತ್ತೇನೆ.

ಹೋದ ವರ್ಷ ಶ್ರಾವಣದಲ್ಲಿ ಎದುರುಮನೆಗೆ ಒಬ್ಬಳು ಬಂದಳು. ಮಾಲೂರಿನವಳು. ಗಂಡನಿಗೆ ಮುಳಬಾಗಿಲಿಗೆ ವರ್ಗವಾಗಿತ್ತು. ನನಗಿಂತ ಹತ್ತು ವರ್ಷ ಚಿಕ್ಕವಳು. ಬಂದ ಎರಡನೇ ದಿನವೇ "ಅಕ್ಕ, ಅಕ್ಕ" ಅನ್ನುತ್ತಾ ಕರಿಬೇವು ಕೇಳಿಕೊಂಡು ಬಂದಳು. ಕೊಟ್ಟೆ. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಮೂರನೇ ಶುಕ್ರವಾರ ಗುಡಿಯ ಭಜನೆಗೆ ಬಂದವಳು ಸ್ಟೀಲ್ ಡಬ್ಬಿ ತೆಗೆದಳು. ಒಳಗೆ ಬತ್ತಿಗಳು. ಒಬ್ಬರಿಂದ ಒಬ್ಬರಿಗೆ ಡಬ್ಬಿ ಹೋಯಿತು.

"ಅಯ್ಯೋ ದೇವ್ರೇ, ಬತ್ತೀನೋ ಕೂದ್ಲೋ ಇದು!"

"ನಾನಾದ್ರೆ ಸೂಜಿಗೇ ಪೋಣಿಸ್ಬಿಡ್ತಿದ್ದೆ."

ಡಬ್ಬಿ ನನ್ನ ಕೈಗೆ ಬಂದಾಗ ನಾನು ಒಂದು ಬತ್ತಿ ಎತ್ತಿ ನೋಡಿದೆ. ತುದಿಯಲ್ಲಿ ಒಂದು ಪುಟ್ಟ ಗಂಟು ಹಾಕಿದ್ದಳು, ಅದು ಅವರ ಕಡೆಯ ಕ್ರಮವಂತೆ. ನಯವಾಗಿತ್ತು. ಸಣ್ಣಗಿತ್ತು. "ಪರವಾಗಿಲ್ಲ, ಚೆನ್ನಾಗಿದೆ" ಅಂದೆ. ಪರವಾಗಿಲ್ಲ ಅನ್ನುವ ಮಾತನ್ನು ಮೊದಲು ಯಾಕೆ ಹಾಕಿದೆ ಅಂತ ನನಗೂ ಗೊತ್ತು, ಅಲ್ಲಿದ್ದ ಹೆಂಗಸರಿಗೂ ಗೊತ್ತು.

ಅರ್ಚಕರ ತಾಯಿ, ನಾವೆಲ್ಲ ಅಜ್ಜಮ್ಮ ಅನ್ನುತ್ತೇವೆ, ಗುಡಿಯ ಹೆಂಗಸರ ವಿಚಾರದಲ್ಲಿ ಅವರದ್ದೇ ಕೊನೆ ಮಾತು. ಅರ್ಧ ತೆಲುಗು, ಅರ್ಧ ಕನ್ನಡ. ಅವರು ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಬಾಗುಂದಮ್ಮಾ, ಚೆನ್ನಾಗಿದೆ. ಈ ಕಾರ್ತಿಕಕ್ಕೆ ಯಾರ ಬತ್ತಿ ಸಣ್ಣಗಿದ್ಯೋ ಅವರದ್ದೇ ಒಳಗೆ ಉರೀಲಿ. ದೇವರಿಗೇನು ಹಳಬರು ಹೊಸಬರು?" ಅಂದುಬಿಟ್ಟರು.

ಹನ್ನೊಂದು ವರ್ಷ ಆಡಿದ ಮನೆಯಲ್ಲೇ ನನ್ನನ್ನು ಹೊಸಲಿನ ಆಚೆ ನಿಲ್ಲಿಸಿದ ಹಾಗಾಯಿತು. ಕಾರ್ತಿಕಕ್ಕೆ ಇನ್ನೂ ಸಮಯವಿತ್ತು. ನಾನು ಹೊಸೆದೆ, ಬಿಚ್ಚಿದೆ, ಮತ್ತೆ ಹೊಸೆದೆ. ಕಣ್ಣಿಗೆ ಒಂದು ದಿನ ನನ್ನದು ಸಣ್ಣ ಕಾಣುತ್ತಿತ್ತು, ಇನ್ನೊಂದು ದಿನ ದಪ್ಪ ಕಾಣುತ್ತಿತ್ತು. ಕಣ್ಣನ್ನು ನಂಬುವ ಹಾಗಿರಲಿಲ್ಲ. ಅವಳ ಮನೆಯ ಬಾಗಿಲು ತೆರೆದಾಗಲೆಲ್ಲ ಆ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು.

ಆಗ ನನ್ನ ಮಗಳು ಮೊದಲ ಪಿಯುಸಿ, ವಿಜ್ಞಾನ. ಒಂದು ಸಂಜೆ ಕಾಲೇಜಿನಿಂದ ಬಂದವಳು ಬ್ಯಾಗು ಇಳಿಸುವ ಮೊದಲೇ ಅಂದಳು: "ಅಮ್ಮ, ಇವತ್ತು ನಿನ್ನ ಕೂದ್ಲು ಅಳೆದೆ."

"ನನ್ನ ಕೂದ್ಲಾ? ಎಲ್ಲಿ ಸಿಕ್ತೇ?"

"ಬಾಚಣಿಗೇಲಿ. ಸ್ಕ್ರೂ ಗೇಜಲ್ಲಿ ಇಟ್ಟು ಅಳೆದೆ. ಏಳು ಗೆರೆ ಬಂತು."

ಸ್ಕ್ರೂ ಗೇಜು ಅಂದರೆ ಏನು ಅಂತ ಅವಳೇ ಚಿತ್ರ ಬರೆದು ತೋರಿಸಿದಳು. ಕುದುರೆ ಲಾಳದಂಥ ಕಬ್ಬಿಣ, ಒಂದು ಕಡೆ ತಿರುಗಿಸುವ ತಿರುಪು. ಪೂರ್ತಿ ಒಂದು ಸುತ್ತು ತಿರುಗಿಸಿದರೆ ತಿರುಪು ಒಂದು ಮಿಲ್ಲಿಮೀಟರ್ ಮುಂದೆ ಹೋಗುತ್ತದೆ. ಆ ಒಂದು ಸುತ್ತನ್ನು ನೂರು ಗೆರೆ ಮಾಡಿದ್ದಾರೆ. ಹಾಗಾಗಿ ಒಂದು ಗೆರೆ ಅಂದರೆ ಮಿಲ್ಲಿಮೀಟರಿನ ನೂರರಲ್ಲಿ ಒಂದು ಪಾಲು. ಅಷ್ಟು ಸಣ್ಣದನ್ನೂ ಹಿಡಿದು ಹೇಳುತ್ತದೆಯಂತೆ.

ನಾನು ಹತ್ತನೇ ಕ್ಲಾಸಿನವರೆಗೆ ಓದಿದವಳು. ನಮ್ಮ ಮೇಷ್ಟ್ರು ಬೀರುವಿನಿಂದ ಇಂಥದ್ದೇ ಒಂದು ಅಳತೆಯ ಸಾಮಾನು ತೆಗೆದು ತೋರಿಸಿದ್ದರು. ಮುಟ್ಟಲು ಸಿಕ್ಕಿದ್ದು ಮೊದಲ ಬೆಂಚಿನ ಹುಡುಗಿಗೆ ಮಾತ್ರ. ಅವಳು ಅದನ್ನು ಹಿಡಿದುಕೊಂಡಿದ್ದ ರೀತಿ ಇವತ್ತಿಗೂ ನನ್ನ ಕಣ್ಣಲ್ಲಿದೆ. ಅವಳ ಮುಖ ಮರೆತಿದ್ದೇನೆ, ಕೈ ಮರೆತಿಲ್ಲ. ಈ ಹೊಟ್ಟೆಯುರಿ ಎದುರುಮನೆಯವಳು ಬಂದ ಮೇಲೆ ಶುರುವಾದದ್ದು ಅಂತ ಹೇಳಿದರೆ ದೇವರು ನಗುತ್ತಾನೆ.

"ಎದುರುಮನೆ ಆಂಟಿ ಕೂದ್ಲೂ ಅಳೆದೆ," ಅಂದಳು ಮಗಳು. "ಅವರದ್ದು ಎಂಟು ಗೆರೆ. ದಪ್ಪ ಕಣಮ್ಮ ಅವರ ಕೂದ್ಲು, ಎಷ್ಟು ಸೊಂಪಾಗಿದೆ!"

ದಪ್ಪ ಇರಬೇಕಾದ್ದು ಅವಳಿಗೆ ದಪ್ಪ, ಸಣ್ಣ ಇರಬೇಕಾದ್ದು ಅವಳಿಗೆ ಸಣ್ಣ. ಎಲ್ಲಿಂದ ಬರೆಸಿಕೊಂಡು ಬಂದಳೋ ಹಣೆಯಲ್ಲಿ! ಆದರೆ ಅದೇ ಗಳಿಗೆಯಲ್ಲಿ ನನಗೆ ಇನ್ನೊಂದು ಹೊಳೆಯಿತು.

"ಕೂದ್ಲು ಅಳೆಯೋದು ದಾರ ಅಳೆಯಲ್ವೇನೇ?"

"ಅಳೆಯುತ್ತೆ. ಮೋಟಾರ್ ವೈಂಡಿಂಗ್ ಸಾಬ್ರ ಅಂಗಡಿಯಿಂದ ತಾಮ್ರದ ತಂತಿ ತಂದು ಅಳೀತಾ ಇದ್ದೀವಲ್ಲ, ಹಂಗೇ."

ಮುಂದಿನ ಶುಕ್ರವಾರ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಭಜನೆ ಮುಗಿದು ಎಲ್ಲರೂ ಮಂಗಳಾರತಿಗೆ ಎದ್ದಾಗ, ದೇವರ ಮುಂದಿನ ತಟ್ಟೆಯಿಂದ ಅವಳ ಒಂದು ಬತ್ತಿ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡೆ. ದೇವರ ತಟ್ಟೆಯಿಂದ. ಕರ್ಪೂರದ ಬೆಳಕು ಕಣ್ಣಿಗೆ ಒತ್ತಿಕೊಳ್ಳುವಾಗ ಕೈ ಬೆಚ್ಚಗಿತ್ತು, ಮುಖ ಅದಕ್ಕಿಂತ ಬೆಚ್ಚಗಿತ್ತು. ಸೋಮವಾರ ಬೆಳಿಗ್ಗೆ ಅವಳದ್ದೊಂದು, ನನ್ನದೊಂದು, ಎರಡು ಕಾಗದದ ಮಡಿಕೆಯಲ್ಲಿ ಇಟ್ಟು ಮಗಳ ಜಾಮಿಟ್ರಿ ಬಾಕ್ಸಿಗೆ ಹಾಕಿ ಕಳಿಸಿದೆ. ಯಾವುದು ಯಾರದ್ದು ಅಂತ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ, ಗಂಟು ಇತ್ತಲ್ಲ.

ಸಂಜೆ ಅವಳು ಸಪ್ಪೆ ಮುಖ ಹಾಕಿಕೊಂಡು ಬಂದಳು. "ಆಗಲಿಲ್ಲಮ್ಮ."

"ಯಾಕೆ, ಕಾಣಿಸಲಿಲ್ವಾ?"

"ಹತ್ತಿ ಅಲ್ವಾ, ಒತ್ತಿದ್ರೆ ಅಮುಕಿಕೊಳ್ಳುತ್ತೆ. ಮೊದಲ ಸಲ ಒಂದು ರೀಡಿಂಗು, ಎರಡನೇ ಸಲ ಅದಕ್ಕಿಂತ ಕಮ್ಮಿ, ಮೂರನೇ ಸಲ ಇನ್ನೂ ಕಮ್ಮಿ. ತಂತಿ ಆದ್ರೆ ಗಟ್ಟಿ ನಿಲ್ಲುತ್ತೆ. ಸರ್ ನೋಡಿ ನಕ್ಕರು. 'ದೇವರ ಬತ್ತೀನ ಹಿಂಗೆ ಹಿಚುಕಬೇಡಮ್ಮ' ಅಂದ್ರು."

ಆ ಸರ್ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದರು. ಒಂದನ್ನು ಅಳೆಯಲಾಗದಿದ್ದರೆ ಹಲವನ್ನು ಒಟ್ಟಿಗೆ ಅಳೆಯಬೇಕು. ಪೆನ್ಸಿಲಿಗೆ ಬತ್ತಿಯನ್ನು ಒಂದರ ಪಕ್ಕ ಒಂದು ತಾಗುವ ಹಾಗೆ ಹದಿನೈದು ಸುತ್ತು ಸುತ್ತಿ, ಆ ಹದಿನೈದರ ಅಗಲ ಸ್ಕೇಲಿನಲ್ಲಿ ನೋಡಿ, ಹದಿನೈದರಿಂದ ಭಾಗಿಸಿದರೆ ಒಂದರ ದಪ್ಪ ಸಿಗುತ್ತದೆ. "ಮಾಡಿಕೊಂಡು ಬಾ, ರೆಕಾರ್ಡಿನ ಕೊನೆ ಪುಟದಲ್ಲಿ ಬರಿ" ಅಂತ ಹೇಳಿ ಕಳಿಸಿದ್ದರು.

ಮಗಳು ಶನಿವಾರ ಮಾಡುತ್ತೇನೆ ಅಂದಳು. ನನಗೆ ಶನಿವಾರದವರೆಗೆ ತಾಳ್ಮೆ ಎಲ್ಲಿಂದ ಬರಬೇಕು? ಮಾರನೆಯ ದಿನ ಮಧ್ಯಾಹ್ನ ಅವರೆಕಾಯಿ ಬಿಡಿಸುವುದನ್ನು ಅರ್ಧಕ್ಕೇ ಬಿಟ್ಟು ಎರಡು ಪೆನ್ಸಿಲ್ ಹುಡುಕಿ ಕೂತೆ. ಮೊದಲು ನನ್ನದು. ಹದಿನೈದು ಸುತ್ತು. ಸ್ಕೇಲ್ ಇಟ್ಟೆ: ಹನ್ನೊಂದು ಮಿಲ್ಲಿಮೀಟರ್. ಆಮೇಲೆ ಅವಳದ್ದು. ಹದಿನೈದು ಸುತ್ತು. ಹದಿನಾಲ್ಕು ಮಿಲ್ಲಿಮೀಟರ್.

ಇನ್ನೊಂದು ಸಲ ಸ್ಕೇಲ್ ಇಟ್ಟೆ. ಹದಿನಾಲ್ಕೇ. ಕೈ ಮುಗಿದೆ. ದೇವರ ಗೂಡಿನ ಮುಂದೆ ನಿಂತು, "ನೀನು ಬಡವರ ಕೈ ಬಿಡಲ್ಲ ಸ್ವಾಮಿ" ಅಂದೆ. ನಾವೇನು ಅಷ್ಟು ಬಡವರಲ್ಲ, ಆದರೂ ಬಾಯಿಗೆ ಹಾಗೇ ಬಂತು. ಸೀರೆ ಬದಲಾಯಿಸಿ ನೆಟ್ಟಗೆ ಗುಡಿಗೆ ಹೋದೆ. ಅಜ್ಜಮ್ಮ ಜಗುಲಿಯಲ್ಲಿ ಹೂ ಕಟ್ಟುತ್ತಿದ್ದರು. ಪಕ್ಕದಲ್ಲೇ ಎದುರುಮನೆಯವಳು ಕೂತು ತುಳಸಿ ಬಿಡಿಸುತ್ತಿದ್ದಳು. ಅವಳ ಮುಂದೆಯೇ ಹೇಳಿದೆ.

"ಅಜ್ಜಮ್ಮ, ಬತ್ತಿ ಅಳೆದು ನೋಡ್ದೆ. ನನ್ನದೇ ಸಣ್ಣ. ಲೆಕ್ಕ ಇದೆ."

"ಏಮಿ ಲೆಕ್ಕಾ?"

"ಕಾಲೇಜಲ್ಲಿ ಹೇಳ್ಕೊಟ್ಟಿರೋ ಲೆಕ್ಕ. ಮಿಲ್ಲಿಮೀಟರಲ್ಲಿ."

ಅಜ್ಜಮ್ಮ ಹೂವಿನಿಂದ ಕಣ್ಣೆತ್ತಲಿಲ್ಲ. "ಲೆಕ್ಕ ಇದ್ಮೇಲೆ ಮುಗೀತಮ್ಮಾ. ಒಳಗೆ ನಿಂದೇ."

ಎದುರುಮನೆಯವಳು ಮುಖ ಸಪ್ಪಗೆ ಮಾಡುತ್ತಾಳೆ ಅಂತ ಕಾಯುತ್ತಿದ್ದೆ. ಅವಳು ಕಣ್ಣರಳಿಸಿ, "ಹೌದಾ ಅಕ್ಕ? ಬತ್ತೀನೂ ಅಳೀಬೋದಾ? ಎಂಗೆ ಅಕ್ಕ, ನಂಗೂ ತೋರಿಸ್ತೀರಾ? ನಾಳೆ ಬರ್ತೀನಿ" ಅಂದಳು. ಬೇಡ ಅನ್ನಲು ಕಾರಣ ಸಿಗಲಿಲ್ಲ.

ಮನೆಗೆ ಬಂದರೆ ಮಗಳು ಆಗಲೇ ಬಂದಿದ್ದಳು. ಎರಡು ಪೆನ್ಸಿಲನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಇದನ್ಯಾರಮ್ಮ ಸುತ್ತಿದ್ದು?"

"ನಾನೇ. ಯಾಕೆ?"

"ಇಲ್ನೋಡು. ನಿನ್ನದನ್ನ ಹೆಂಗೆ ಎಳೆದು ಬಿಗಿದಿದ್ದೀಯ, ಪೆನ್ಸಿಲ್ಲೇ ಕೂಗ್ಕೊಳ್ತಿದೆ. ಎಳೆದ್ರೆ ಸಣ್ಣ ಆಗುತ್ತೆ ತಾನೇ? ಆಂಟೀದು ಸಡಿಲ. ಸುತ್ತು ಸುತ್ತಿನ ನಡುವೆ ಜಾಗ ಬಿಟ್ಟಿದ್ದೀಯ, ನೋಡು, ಇರುವೆ ಓಡಾಡಬೋದು."

"ನಾನು ಬೇಕೂಂತ ಮಾಡಿಲ್ಲ ಕಣೇ!"

"ಬೇಕೂಂತ ಮಾಡ್ದೆ ಅಂತ ಯಾರಂದ್ರು? ಕೈ ಮಾಡಿದೆ."

ನಾನು ಬೇಕಂತ ಮಾಡಿರಲಿಲ್ಲ. ಇದು ಸತ್ಯ. ಗೂಡಿನ ದೇವರ ಮೇಲೆ ಆಣೆ ಇಟ್ಟು ಹೇಳಬಲ್ಲೆ. ಆದರೆ ನನ್ನ ಕೈ ಹತ್ತಿಯ ಎಳೆತ ಬಲ್ಲ ಕೈ. ಅಷ್ಟು ವರ್ಷದಿಂದ ಎಳೆಯುವುದು ಎಷ್ಟು, ಬಿಡುವುದು ಎಷ್ಟು ಅಂತ ತಿಳಿದ ಕೈಗೆ ಅಂದು ಮಾತ್ರ ತಿಳಿಯಲಿಲ್ಲ ಅಂದರೆ ಯಾರು ನಂಬಬೇಕು?

ಮಗಳು ಎರಡನ್ನೂ ಬಿಚ್ಚಿ, ಒಂದೇ ಪೆನ್ಸಿಲಿಗೆ ಒಂದಾದ ಮೇಲೆ ಒಂದು ಸುತ್ತಿದಳು. ಎಳೆಯದೆ, ಜಾಗ ಬಿಡದೆ, ಉಗುರಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾ. ಗಂಟಿನ ಬತ್ತಿ ಹನ್ನೊಂದು ಮಿಲ್ಲಿಮೀಟರ್. ನನ್ನದು ಹದಿಮೂರು. ಮೂರು ಸಲ ಸುತ್ತಿದಳು. ಮೂರು ಸಲವೂ ಅಷ್ಟೇ.

"ಅವಳ ಮೇಲೆ ನಿಂಗ್ಯಾಕೆ ಅಷ್ಟು ಪ್ರೀತಿ?" ಅಂದೆ. ಬಾಯಿ ತಪ್ಪಿ ಬಂತು.

"ಪ್ರೀತಿ ಅಲ್ಲಮ್ಮ ಇದು, ಮಿಲ್ಲಿಮೀಟರ್." ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದಳು. ಏನೋ ಭಾಗಿಸಿದಳು, ಕಳೆದಳು. "ಬೇಜಾರು ಮಾಡ್ಕೋಬೇಡ. ಅವರದ್ದಕ್ಕಿಂತ ನಿಂದು ಎಷ್ಟು ದಪ್ಪ ಗೊತ್ತಾ? ಹತ್ತಿರ ಹತ್ತಿರ ಎರಡು ಕೂದ್ಲಷ್ಟು. ನಿನ್ನ ಕೂದ್ಲೇ. ಅಷ್ಟು ಕಣ್ಣಿಗೇ ಕಾಣಲ್ಲ."

ಕಾಣುವುದಿಲ್ಲವಂತೆ! ನನಗೆ ಮನೆ ತುಂಬ ಅದೇ ಕಾಣುತ್ತಿತ್ತು. ಅವಳು ರೆಕಾರ್ಡಿನ ಕೊನೆಯ ಪುಟದಲ್ಲಿ ಬರೆದಳು: ದಾರ ಒಂದು, ದಾರ ಎರಡು, ಎದುರಿಗೆ ಅಂಕಿ. ಯಾರ ಹೆಸರೂ ಇರಲಿಲ್ಲ. ಅದೊಂದು ಪುಣ್ಯ. ಆದರೆ ಮಗಳ ಪುಸ್ತಕದಲ್ಲಿ ಒಂದು ಲೆಕ್ಕ, ಗುಡಿಯಲ್ಲಿ ನಾನು ಹೇಳಿಬಂದ ಇನ್ನೊಂದು ಲೆಕ್ಕ. ಅವಳು "ಗುಡೀಲಿ ಹೇಳ್ಬಿಟ್ಯಾ?" ಅಂತ ಕೇಳಿದಳು. "ಅನ್ನಕ್ಕಿಡಬೇಕು" ಅಂತ ಹೇಳಿ ಒಳಗೆ ಹೋದೆ.

ಮಾರನೆಯ ದಿನ ಹನ್ನೊಂದು ಗಂಟೆಗೆ ಎದುರುಮನೆಯವಳು ತಾನೇ ಒಂದು ಹೊಸ ಪೆನ್ಸಿಲ್ ಹಿಡಿದುಕೊಂಡು ಬಂದಳು. ಮೇಜಿನ ಮೇಲೆ ಎರಡು ಬತ್ತಿ ಹಾಗೇ ಇದ್ದವು. ಗಂಟು ಅವಳ ಕಣ್ಣಿಗೆ ಮೊದಲು ಬಿತ್ತು.

"ಇದು ನಂದೇ ಅಲ್ವಾ ಅಕ್ಕ?"

"ನಿಂದೇ. ತಟ್ಟೆಯಿಂದ ತಗೊಂಡೆ."

"ದೇವ್ರ ತಟ್ಟೆಯಿಂದಾನಾ?" ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. "ಕೇಳಿದ್ರೆ ಡಬ್ಬೀನೇ ಕೊಡ್ತಿದ್ನಲ್ಲ ಅಕ್ಕ!"

ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. ಸುತ್ತುವುದು ಹೇಗೆ ಅಂತ ತೋರಿಸಿದೆ. ಅವಳು ತಾನೇ ಸುತ್ತಿದಳು. ಅದೇ ಹನ್ನೊಂದು, ಅದೇ ಹದಿಮೂರು. ಸ್ಕೇಲನ್ನು ಅವಳು ನೋಡಿದಳು, ನಾನು ಅವಳ ಮುಖ ನೋಡಿದೆ. ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ನನಗೂ ಗೊತ್ತಾಯಿತು. ಅವಳು ಮೆಲ್ಲಗೆ ಬತ್ತಿಯನ್ನು ಬಿಚ್ಚಿ, ಬೆರಳಿಗೆ ಸುತ್ತಿ, ಮೇಜಿನ ಮೇಲಿಟ್ಟು ಅಂದಳು:

"ನಂಗೆ ಈ ಲೆಕ್ಕಗಿಕ್ಕ ತಲೆಗೆ ಹತ್ತಲ್ಲ ಅಕ್ಕ. ನೀವ್ ಹೇಳಿದ್ದೇ ಸರಿ. ಸ್ವಲ್ಪ ಕರಿಬೇವು ಕೊಡ್ತೀರಾ?"

ಕರಿಬೇವು ಕೊಟ್ಟು ಕಳಿಸಿದೆ. ಬಾಗಿಲು ಹಾಕಿದೆ. ದೇವರ ಗೂಡಿನ ಮುಂದೆ ಕೂತು ಅತ್ತೆ. ಪಶ್ಚಾತ್ತಾಪ ಅಂತ ಬರೆದರೆ ಸುಳ್ಳಾಗುತ್ತದೆ. ಹೊಟ್ಟೆಯುರಿಯಿಂದಲೇ ಅತ್ತೆ. ಬತ್ತಿ ಸಣ್ಣದು, ಮನಸ್ಸು ದೊಡ್ಡದು, ಎರಡನ್ನೂ ಅವಳಿಗೇ ಯಾಕೆ ಕೊಟ್ಟೆ ಸ್ವಾಮಿ? ಒಂದನ್ನಾದರೂ ಈ ಕಡೆ ಹಾಕಬಾರದಿತ್ತೇ? ಇನ್ನು ಮೂವತ್ತು ದಿನ ನನ್ನ ಬತ್ತಿ ಒಳಗೆ ಉರಿಯುತ್ತದೆ. ಉರಿದಷ್ಟು ಹೊತ್ತೂ ಅದು ಅವಳು ಬಿಟ್ಟುಕೊಟ್ಟ ಬತ್ತಿ. ಅವಳು ಪ್ರದಕ್ಷಿಣೆ ಬರುವಾಗ ಅದನ್ನು ನೋಡುತ್ತಾಳೆ, ನೋಡಿ ಸುಮ್ಮನಿರುತ್ತಾಳೆ. ಆ ಸುಮ್ಮನಿರುವುದನ್ನು ನಾನು ದಿನಾ ತಡೆಯಬೇಕು. ನನ್ನಿಂದ ಆಗದು ಅನ್ನಿಸಿತು. ಸತ್ಯ ಹೇಳುವ ಆಸೆಗಿಂತ ಅವಳ ಋಣದಲ್ಲಿ ಇರಲಾರೆ ಅನ್ನುವುದೇ ನನ್ನನ್ನು ಎಬ್ಬಿಸಿ ನಡೆಸಿತು. ದೇವರು ಸರಿದಾರಿಗೆ ಕರೆದುಕೊಂಡು ಹೋಗುವಾಗ ಯಾವ ಕೈ ಹಿಡಿದು ಎಳೆಯುತ್ತಾನೋ, ಅವನಿಗೇ ಗೊತ್ತು.

ಕಾರ್ತಿಕದ ಹಿಂದಿನ ದಿನ. ಗುಡಿಯಲ್ಲಿ ಹೆಂಗಸರೆಲ್ಲ ದೀಪದ ಕಂಬಗಳನ್ನು ತಿಕ್ಕಿ ಒರೆಸುತ್ತಿದ್ದರು. ಅವಳೂ ಇದ್ದಳು. ಅಜ್ಜಮ್ಮನ ಮುಂದೆ ನಿಂತೆ.

"ಅಜ್ಜಮ್ಮ, ಅಳತೆ ತಪ್ಪಾಗಿತ್ತು. ನನ್ನದನ್ನ ಎಳೆದು ಸುತ್ತಿದ್ದೆ, ಅವಳದ್ದನ್ನ ಸಡಿಲ ಸುತ್ತಿದ್ದೆ. ಅವಳದ್ದೇ ಸಣ್ಣ."

ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ ಕೈಗಳೆಲ್ಲ ನಿಂತವು. ಅಜ್ಜಮ್ಮ ಕನ್ನಡಕದ ಮೇಲಿಂದ ನೋಡಿದರು.

"ಎಷ್ಟು ಸಣ್ಣ?"

"ಎರಡು ಕೂದ್ಲಷ್ಟು."

"ಓಸಿ ನಾ ತಲ್ಲೀ! ಎರಡು ಕೂದ್ಲಿಗೆ ಇಷ್ಟು ಸುಳ್ಳಾ?" ಅಂತ ನಕ್ಕರು. ಎಲ್ಲರೂ ನಕ್ಕರು. ಎದುರುಮನೆಯವಳು ಮಾತ್ರ ನಗಲಿಲ್ಲ, ತಲೆ ಬಗ್ಗಿಸಿ ದೀಪದ ಕಂಬವನ್ನು ಮೊದಲಿಗಿಂತ ಜೋರಾಗಿ ತಿಕ್ಕತೊಡಗಿದಳು. ಅವಳು ನಕ್ಕಿದ್ದರೆ ಎಷ್ಟು ಚೆನ್ನಾಗಿತ್ತು!

ಆಮೇಲೆ ಅಜ್ಜಮ್ಮ ಅಂದರು: "ಒಳಗೆ ಅವಳದ್ದು. ನಿಂದು ಬಾಗಿಲ ದೀಪಕ್ಕೆ ಹಾಕು. ಅಲ್ಲಿ ಬಸ್ ರೋಡಿನ ಗಾಳಿ. ಸಣ್ಣ ಬತ್ತಿ ನಿಲ್ಲಲ್ಲ, ದಪ್ಪದ್ದೇ ಬೇಕು."

ದಪ್ಪ! ಇಡೀ ಬೀದಿಯ ಹೆಂಗಸರ ಮುಂದೆ. ಮನೆಗೆ ಬರುವವರೆಗೂ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಹೆಜ್ಜೆ ಹೆಜ್ಜೆಗೂ ತಾಗಿತು. ಮಗಳಿಗೆ ಹೇಳಿದೆ. ಅವಳು ನಾನು ಹೇಳದೆಯೇ, ಮೂಲೆಯಲ್ಲಿ ಉಳಿದಿದ್ದ ಅವರೆಕಾಯಿ ತಂದು ನನ್ನ ಪಕ್ಕ ಕೂತು ಬಿಡಿಸಿದಳು. ಮೊಬೈಲು ಮುಟ್ಟಲಿಲ್ಲ. ಆ ದಿನದ ಪುಣ್ಯ ಅದು, ಎಣಿಸಿಟ್ಟುಕೊಂಡಿದ್ದೇನೆ.

ಕಾರ್ತಿಕ ಪೂರ್ತಿ ನನ್ನ ಬತ್ತಿ ಬಾಗಿಲಲ್ಲಿ ಉರಿಯಿತು. ಕೋಲಾರದ ಬಸ್ಸು, ಶ್ರೀನಿವಾಸಪುರದ ಬಸ್ಸು ಹೋದಾಗಲೆಲ್ಲ ಜ್ವಾಲೆ ಮಲಗಿ ಏಳುತ್ತಿತ್ತು. ಒಂದು ದಿನವೂ ಆರಲಿಲ್ಲ. ಗುಡಿಗೆ ಬರುವವರು ಮೊದಲು ಅದನ್ನೇ ದಾಟಿ ಒಳಗೆ ಹೋಗಬೇಕು. ಇದನ್ನು ನನಗೆ ನಾನೇ ಹಲವು ಸಲ ಹೇಳಿಕೊಂಡಿದ್ದೇನೆ. ಎದುರುಮನೆಯವಳು ಒಂದು ಸಂಜೆ ಅಲ್ಲಿ ನಿಂತು, "ನಂದಾಗಿದ್ರೆ ಇಲ್ಲಿ ಒಂದು ಗಳಿಗೆ ನಿಲ್ತಿರಲಿಲ್ಲ ಅಕ್ಕ" ಅಂದಳು. ಹೌದು, ನಿಲ್ಲುತ್ತಿರಲಿಲ್ಲ ಅಂದೆ. ಅವಳು ಹೇಳಿದ್ದಕ್ಕೆ ನಾನು ಇಲ್ಲ ಅನ್ನದೆ ಒಪ್ಪಿದ್ದು ಅದೊಂದೇ.

ಒಳಗೆ ಹೋಗಿ ಕೈ ಮುಗಿಯುತ್ತೇನೆ. ಮಗಳ ಪರೀಕ್ಷೆ, ಮನೆಯವರ ಮೊಣಕಾಲು ನೋವು, ಎಲ್ಲ ಒಪ್ಪಿಸುತ್ತೇನೆ. ಕಣ್ಣು ತೆರೆದ ಮೇಲೆ ದೇವರ ಮುಖಕ್ಕಿಂತ ಮೊದಲು ಅದರ ಹಿಂದಿನ ಗೋಡೆ ನೋಡುತ್ತೇನೆ. ಅವಳ ಬತ್ತಿ ಕರಿ ಕಟ್ಟಿದೆಯೇ ಅಂತ. ಕಾರ್ತಿಕ ಮುಗಿಯಿತು, ಧನುರ್ಮಾಸವೂ ಕಳೆಯಿತು, ಒಳಗಿನ ದೀಪಕ್ಕೆ ಈಗಲೂ ಅವಳದ್ದೇ ಬತ್ತಿ. ಗೋಡೆ ಬೆಳ್ಳಗೇ ಇದೆ. ಇವತ್ತೂ ನೋಡಿಕೊಂಡು ಬಂದೆ.